ಡಾಕ್ಟರಮ್ಮನ ಮುಖ ಕಳುವಾದದ್ದು

ರೈಟರ್: ಸುತ್ತಿ ಬಳಸಿ ಬೇಡ ಅಮ್ಮಾ. ಒಂದೇ ಮಾತಲ್ಲಿ ಹೇಳಿ. ಏನು ಕಳುವಾಗಿದೆ?

ಡಾಕ್ಟರಮ್ಮ: ಒಂದೇ ಮಾತಲ್ಲೇ ಹೇಳ್ತಿದ್ದೀನಿ. ಮುಖ.

ರೈಟರ್: (ಕನ್ನಡಕದ ಮೇಲಿಂದ ನೋಡಿ) ಇದೆಯಲ್ಲ.

ಡಾಕ್ಟರಮ್ಮ: ಇದೆ. ನಿಮ್ಮ ಜೊತೆ ಮಾತಾಡಿ ಮಾತಾಡಿ ಕೆಂಪಾಗಿಯೂ ಇದೆ. ಆದ್ರೆ ಇದೇ ಮುಖವನ್ನ ಬೇರೆ ಯಾರೋ ಇಟ್ಕೊಂಡು ವ್ಯಾಪಾರ ಮಾಡ್ತಿದ್ದಾರೆ.

ರೈಟರ್: ಮಾಲು ಮಾಲೀಕರ ಹತ್ರಾನೇ ಇದ್ರೆ ಕಳ್ಳತನ ಹೇಗಾಗುತ್ತೆ? ಕಾನೂನಿನ ಪ್ರಕಾರ ಮಾಲು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿರಬೇಕು. ನಿಮ್ಮ ಮುಖ ನೀವು ಬಂದಾಗಿನಿಂದ ಅಲ್ಲೇ ಇದೆ. ನಾನು ನೋಡ್ತಾನೇ ಇದ್ದೀನಿ.

ಪೊಲೀಸ್ ಠಾಣೆಯ ಮುಂದಿನ ಕೋಣೆ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಮೇಜಿನ ಹಿಂದೆ, ದೂರು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೆಬಲ್. ಊರೆಲ್ಲ ಅವರನ್ನು ರೈಟರ್ ಎಂದೇ ಕರೆಯುತ್ತಿತ್ತು. ಎಡಗೆನ್ನೆಗೆ ಕರವಸ್ತ್ರ ಒತ್ತಿ ಹಿಡಿದು, ಬಾಯಿಯ ಬಲಗಡೆಯಿಂದಷ್ಟೇ ಮಾತಾಡುತ್ತಿದ್ದರು. ಎದುರಿಗೆ ಪೇಟೆಬೀದಿಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿರುವ ಡಾಕ್ಟರಮ್ಮ. ಪಕ್ಕದಲ್ಲಿ ಆಕೆಯ ಗಂಡ, ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುವ ಮೇಷ್ಟ್ರು.

ನಡೆದದ್ದು ಇಷ್ಟು. ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸಲು ಡಾಕ್ಟರಮ್ಮ ಒಂದು ಪುಟ್ಟ ವಿಡಿಯೊ ಮಾಡಿ ಹಾಕಿದ್ದರು. ಯಾರೋ ಅದರಿಂದ ಆಕೆಯ ಮುಖವನ್ನೂ ದನಿಯನ್ನೂ ತೆಗೆದು, ಆಕೆಯ ಹೆಸರಲ್ಲೇ ಸುಳ್ಳು ಖಾತೆ ತೆರೆದಿದ್ದರು. ಅಲ್ಲಿ ಆ ನಕಲಿ ಡಾಕ್ಟರಮ್ಮ ದಿನಾ ಬಂದು, ರಾತ್ರಿ ಬೆಳಗಾಗುವುದರೊಳಗೆ ಹಲ್ಲು ಬಿಳಿ ಮಾಡುವ ಪುಡಿಯೊಂದನ್ನು ಮಾರುತ್ತಿದ್ದಳು. ಹಚ್ಚಿಕೊಂಡವರ ಒಸಡು ಸುಡುತ್ತಿತ್ತು. ಸುಟ್ಟವರು ಬೈಯಲು ಅಸಲಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಬರುತ್ತಿದ್ದರು. ಗಂಡ ಹೆಂಡತಿ ಠಾಣೆಗೆ ಅಲೆಯುವುದು ಇದು ಮೂರನೇ ದಿನ.

ಮೇಷ್ಟ್ರು: ಸಾರ್, ಕಳುವು ಬೇಡ. ನಕಲು ಅಂತ ಬರ್ಕೊಂಡ್ಬಿಡಿ.

ರೈಟರ್: ನಕಲಿಗೆ ಸೆಕ್ಷನ್ ಇದೆ. ನೋಟು, ಸಹಿ, ಮೊಹರು, ಮಾರ್ಕ್ಸ್ ಕಾರ್ಡು. ಮುಖ ಆ ಪಟ್ಟಿಯಲ್ಲಿಲ್ಲ.

ಡಾಕ್ಟರಮ್ಮ: ಆನ್‌ಲೈನ್ ಅಪರಾಧಕ್ಕೇ ಅಂತ ಹೊಸ ಕಾಯ್ದೆ ಬಂದಿದೆಯಂತಲ್ಲ?

ರೈಟರ್: ಬಂದಿದೆ. ಕಾಯ್ದೆ ಬಂದಿದೆ, ನಿಯಮಾವಳಿ ಬಂದಿಲ್ಲ. ಅದಕ್ಕೆ ಸಮಿತಿ ಕೂತಿದೆ.

ಡಾಕ್ಟರಮ್ಮ: ಏಳೋದು ಯಾವಾಗ?

ರೈಟರ್: ಎದ್ರೆ ಇನ್ನೊಂದು ಸಮಿತಿ ಕೂರುತ್ತೆ. ಆ ಭಯಕ್ಕೇ ಇದು ಏಳ್ತಿಲ್ಲ. ನೀವು ಜಿಲ್ಲಾ ಕೇಂದ್ರದಲ್ಲಿರೋ ಸೈಬರ್ ಠಾಣೆಗೆ ಹೋಗ್ಬೇಕಿತ್ತು.

ಡಾಕ್ಟರಮ್ಮ: ಹೋಗಿದ್ವಿ. ಬೋರ್ಡು ತುಂಬ ಚೆನ್ನಾಗಿದೆ. ಕೆಳಗೆ ಬೀಗವೂ ಚೆನ್ನಾಗಿದೆ.

ರೈಟರ್: ಅಲ್ಲೊಬ್ಬರು ಅಧಿಕಾರಿ ಇದ್ರು. ಹೊರದೇಶಕ್ಕೆ ಕಳಿಸಿ ಟ್ರೈನಿಂಗ್ ಕೊಡಿಸಿದ್ರು. ಬಹಳ ಬುದ್ಧಿವಂತರು. ಕಂಪ್ಯೂಟರ್ ಮುಟ್ಟಿದ್ರೆ ಸಾಕು, ಕಳ್ಳ ಎಲ್ಲಿದ್ದಾನೆ ಅಂತ ಹೇಳೋರು.

ಮೇಷ್ಟ್ರು: ಈಗ ಎಲ್ಲಿದ್ದಾರೆ ಸಾರ್?

ರೈಟರ್: ಕುದುರೆ ದಳದಲ್ಲಿ.

ಮೇಷ್ಟ್ರು: ಯಾಕೆ?

ರೈಟರ್: ಬುದ್ಧಿವಂತರು ಅಂತ ಹೇಳಿದ್ನಲ್ಲ ಮೇಷ್ಟ್ರೇ. ಸರಿ, ಘಟನೆ ನಡೆದ ಸ್ಥಳ ಹೇಳಿ.

ಮೇಷ್ಟ್ರು ಇದಕ್ಕಾಗಿಯೇ ಕಾಯುತ್ತಿದ್ದರು. ಚೀಲದಿಂದ ಪ್ರಪಂಚದ ಭೂಪಟ ತೆಗೆದು, ಮೇಜಿನ ಮೇಲಿದ್ದ ಟೀ ಲೋಟವನ್ನು ಪಕ್ಕಕ್ಕೆ ಸರಿಸಿ ಹರಡಿದರು.

ಮೇಷ್ಟ್ರು: ನೋಡಿ ಸಾರ್. ಖಾತೆ ತೆರೆದವನು ಎಲ್ಲಿದ್ದಾನೋ ಗೊತ್ತಿಲ್ಲ, ಈ ಕಡೆ ಎಲ್ಲೋ ಇರಬಹುದು. ಖಾತೆ ನಡೆಸೋ ಕಂಪನಿ ಈ ಖಂಡದಲ್ಲಿ. ಆ ಕಂಪನಿಯ ಕಂಪ್ಯೂಟರುಗಳಿರೋದು ಈ ದ್ವೀಪದಲ್ಲಿ. ಇಲ್ಲಿ ವರ್ಷವಿಡೀ ತಂಪು. ಜ್ವಾಲಾಮುಖಿಯಿಂದ ಆದ ದ್ವೀಪ ಇದು, ಮುಖ್ಯ ಕಸುಬು ಮೀನುಗಾರಿಕೆ...

ಡಾಕ್ಟರಮ್ಮ: ರೀ, ಮೀನು ಬಿಡಿ.

ರೈಟರ್: (ಭೂಪಟದ ಮೇಲೆ ಬಗ್ಗಿ) ಇದರಲ್ಲಿ ನಮ್ಮ ಠಾಣೆ ಎಲ್ಲಿದೆ?

ಮೇಷ್ಟ್ರು: ಇಷ್ಟು ಸಣ್ಣದೆಲ್ಲ ಇದರಲ್ಲಿ ಬರಲ್ಲ ಸಾರ್.

ರೈಟರ್: ಬರದಿದ್ರೂ ಸರಹದ್ದು ಇದೆ. ಆ ಕಡೆ ರೈಲ್ವೆ ಗೇಟು, ಈ ಕಡೆ ಸೇತುವೆ. ಸೇತುವೆ ಮೇಲೆ ಜೇಬು ಕತ್ತರಿಸಿದ್ರೆ, ಯಾವ ಕಂಬದ ಹತ್ರ ಕತ್ತರಿಸಿದ್ರು ಅಂತ ಅಳೆದು ನೋಡಿ ಕೇಸು ತಗೋತೀವಿ. ದ್ವೀಪ ನಮ್ಮದಲ್ಲ.

ಡಾಕ್ಟರಮ್ಮ: ನಿಮ್ಮದಲ್ಲ ಅಂದ್ರೆ ಅಲ್ಲಿಯ ಪೊಲೀಸರಿಗೆ ಒಂದು ಪತ್ರ ಬರೀರಿ.

ರೈಟರ್: ಹಾಗೆಲ್ಲ ಬರೆಯೋ ಹಾಗಿಲ್ಲ. ಎರಡು ದೇಶಗಳ ಮಧ್ಯೆ ಒಪ್ಪಂದ ಇರಬೇಕು. ಒಪ್ಪಂದ ಇಲ್ಲದೆ ಬರೆದ್ರೆ ಅದು ಪ್ರೇಮಪತ್ರ ಇದ್ದ ಹಾಗೆ. ಉತ್ತರ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ.

ಡಾಕ್ಟರಮ್ಮ: ಕಳ್ಳರು ಒಪ್ಪಂದ ಮಾಡ್ಕೊಂಡೇ ಬಂದ್ರಾ?

ರೈಟರ್: ಅವರಿಗೇನಮ್ಮ, ಕಾನೂನಿನ ತೊಡಕಿಲ್ಲ.

ಮೇಷ್ಟ್ರು: ಸ್ವಲ್ಪ ಅರ್ಜೆಂಟಿದೆ ಸಾರ್. ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದೆ. ಈಗಾಗಲೇ ಎರಡು ಲಕ್ಷ ಜನ ಹಿಂಬಾಲಿಸ್ತಿದ್ದಾರೆ.

ರೈಟರ್ ನೆಟ್ಟಗೆ ಕೂತರು. ಪೆನ್ನಿನ ಕ್ಯಾಪು ತೆಗೆದರು. ಮೂರು ದಿನದಲ್ಲಿ ಆ ಕ್ಯಾಪು ತೆಗೆದದ್ದು ಇದೇ ಮೊದಲು.

ರೈಟರ್: ಇದನ್ನ ಮೊದಲೇ ಬಾಯಿಬಿಡೋದಲ್ವಾ! ಹೆಂಗಸರನ್ನ ಹಿಂಬಾಲಿಸೋದಕ್ಕೆ ಒಳ್ಳೇ ಸೆಕ್ಷನ್ ಇದೆ. ಗಟ್ಟಿ ಸೆಕ್ಷನ್. ಎಲ್ಲಿಂದ ಹಿಂಬಾಲಿಸಿದ್ರು? ಬಸ್‌ಸ್ಟ್ಯಾಂಡಿಂದಲಾ?

ಡಾಕ್ಟರಮ್ಮ: ಅವರವರ ಮನೆಯಿಂದ. ಕೂತಲ್ಲಿಂದಲೇ.

ರೈಟರ್: ಕೂತ್ಕೊಂಡು ಹಿಂಬಾಲಿಸೋದಾ?

ಡಾಕ್ಟರಮ್ಮ: ಮಲ್ಕೊಂಡೂ ಹಿಂಬಾಲಿಸ್ತಾರೆ. ಅದು ಹೋಗಲಿ, ಎರಡು ಲಕ್ಷ ಜನರನ್ನ ಹಿಡಿದು ತಂದು ಎಲ್ಲಿಡ್ತೀರಿ?

ರೈಟರ್: (ಒಳಗಿನ ಲಾಕಪ್ಪಿನ ಕಡೆ ತಿರುಗಿ ನೋಡಿ) ಅದೂ ನಿಜ. ಆರು ಜನಕ್ಕೇ ಒಬ್ಬನ ಕಾಲು ಹೊರಗಿರುತ್ತೆ.

ಡಾಕ್ಟರಮ್ಮ: ಜೊತೆಗೆ ಅವರು ಹಿಂಬಾಲಿಸ್ತಿರೋದು ನನ್ನನ್ನಲ್ಲ, ಆ ನಕಲಿಯನ್ನ. ನನ್ನ ಸ್ವಂತ ಖಾತೆಯಲ್ಲಿರೋರು ನಲವತ್ತು ಜನ. ಅರ್ಧಕ್ಕರ್ಧ ಇವರ ಕಡೆ ನೆಂಟರು.

ಮೇಷ್ಟ್ರು: ಅವರೂ ಈಗ ಆ ಕಡೆ ಸೇರ್ಕೊಂಡಿದ್ದಾರೆ ಕಣೇ. ಅತ್ತಿಗೆ ಈಗ ಬಹಳ ಚೆನ್ನಾಗಿ ಮಾತಾಡ್ತಾರೆ ಅಂತ ನನ್ನ ತಂಗಿ ಫೋನ್ ಮಾಡಿ...

ಡಾಕ್ಟರಮ್ಮ: ನಿಮ್ಮ ತಂಗಿ ವಿಷಯ ಆಮೇಲೆ. ನೀವು ಯಾವ ಕಡೆ?

ಮೇಷ್ಟ್ರು: ನಾನು... ಸಾಕ್ಷಿಗೋಸ್ಕರ ಸೇರ್ಕೊಂಡೆ.

ಡಾಕ್ಟರಮ್ಮ: ಲೈಕ್ ಒತ್ತಿದ್ದೂ ಸಾಕ್ಷಿಗೋಸ್ಕರಾನಾ?

ಮೇಷ್ಟ್ರು: ಮೊದಲನೇ ದಿನ ನೀನೇ ಅಂದ್ಕೊಂಡೆ ಕಣೇ! ಮುಖ ನಿಂದೇ, ದನಿ ನಿಂದೇ. ಏನೋ ಇವತ್ತು ನಗ್ತಾ ಮಾತಾಡ್ತಿದ್ದಾಳಲ್ಲ ಅಂತ ಖುಷಿಯಾಯ್ತು, ಒತ್ತಿಬಿಟ್ಟೆ.

ಡಾಕ್ಟರಮ್ಮ: ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಹೆಂಡತಿ ಯಾರು ಅಂತ ಗುರುತು ಸಿಗಲಿಲ್ಲ?

ಮೇಷ್ಟ್ರು: ಸಿಕ್ತು, ಸಿಕ್ತು. ಕೊನೆಯಲ್ಲಿ "ನಿಮ್ಮ ಪ್ರಶ್ನೆಗಳನ್ನು ಎಷ್ಟು ಬೇಕಾದರೂ ಕೇಳಿ" ಅಂದಳಲ್ಲ, ಆಗ ಅನುಮಾನ ಬಂತು.

ರೈಟರಿಗೆ ನಗು ಬಂತು. ನಕ್ಕರೆ ಕೆನ್ನೆ ನೋಯುತ್ತಿದ್ದುದರಿಂದ ಅರ್ಧದಲ್ಲೇ ನಿಲ್ಲಿಸಿ, ಮುಖ ಹಿಂಡಿಕೊಂಡು ಮುಂದಿನ ಪ್ರಶ್ನೆಗೆ ಬಂದರು.

ರೈಟರ್: ಆ ವಿಡಿಯೊ ಯಾವುದರಲ್ಲಿ ನೋಡಿದ್ರಿ?

ಡಾಕ್ಟರಮ್ಮ: ನನ್ನ ಫೋನಿನಲ್ಲಿ.

ರೈಟರ್: ಹಂಗಾದ್ರೆ ಅದು ಸಾಕ್ಷಿ. ಜಪ್ತಿ ಮಾಡ್ಬೇಕು. ಇಲ್ಲಿಡಿ.

ಡಾಕ್ಟರಮ್ಮ: ವಾಪಸ್ ಯಾವಾಗ ಕೊಡ್ತೀರಿ?

ರೈಟರ್: ಕೇಸು ಮುಗಿದ ಮೇಲೆ.

ಡಾಕ್ಟರಮ್ಮ: ಕೇಸು ಯಾವಾಗ ಮುಗಿಯುತ್ತೆ?

ರೈಟರ್: ಫೋನನ್ನ ಲ್ಯಾಬಿನವರು ನೋಡಿದ ಮೇಲೆ. ಲ್ಯಾಬು ರಾಜಧಾನಿಯಲ್ಲಿದೆ. ಮೊದಲು ಬಂದದ್ದನ್ನ ಮೊದಲು ನೋಡ್ತಾರೆ. ಈಗ ಅವರ ಕೈಯಲ್ಲಿರೋದು ಬಟನ್ ಫೋನುಗಳ ಕಾಲದ ಕೇಸುಗಳು.

ಅಷ್ಟರಲ್ಲಿ ಗೋಡೆ ಬದಿಯ ಕಬ್ಬಿಣದ ಬೀರುವಿನೊಳಗೆ ಫೋನೊಂದು ರಿಂಗಾಯಿತು. ರೈಟರ್ ಕದಲಲಿಲ್ಲ.

ಮೇಷ್ಟ್ರು: ಸಾರ್, ಒಳಗೆ ಫೋನು.

ರೈಟರ್: ಗೊತ್ತು. ನಿನ್ನೆ ಜಪ್ತಿ ಮಾಡಿದ್ದು. ಒಬ್ಬ ಹುಡುಗಿಗೆ ಯಾವನೋ ಫೋನ್ ಮಾಡಿ ಬೆದರಿಸ್ತಿದ್ದ.

ಮೇಷ್ಟ್ರು: ಈಗ ಮಾಡ್ತಿರೋದು ಅವನೇ ಇರಬಹುದಲ್ವಾ? ತೆಗೆದು ಮಾತಾಡಿ ಸಾರ್!

ರೈಟರ್: ಸಾಕ್ಷಿ ಮುಟ್ಟೋ ಹಾಗಿಲ್ಲ ಮೇಷ್ಟ್ರೇ. ಬೆಳಗ್ಗೆಯಿಂದ ಪಾಪ ಮಾಡ್ತಾನೇ ಇದ್ದಾನೆ.

ಫೋನು ದಣಿದು ಸುಮ್ಮನಾಯಿತು. ಡಾಕ್ಟರಮ್ಮ ತಮ್ಮ ಫೋನನ್ನು ಕೈಚೀಲದೊಳಗೆ ಹಾಕಿ ಜಿಪ್ ಎಳೆದರು.

ರೈಟರ್: ಆ ಕಂಪನಿಯವರಿಗೇ ಹೇಳಿ ಮುಚ್ಚಿಸಬಾರ್ದಾ?

ಡಾಕ್ಟರಮ್ಮ: ಹೇಳದೆ ಇರ್ತೀವಾ? ಬರೆದ್ವಿ. ಉತ್ತರ ಕೊಡೋದು ಮನುಷ್ಯರಲ್ಲ, ಯಂತ್ರ. "ಖಾತೆಯನ್ನು ಮುಚ್ಚುವ ಹಕ್ಕು ಖಾತೆದಾರರಿಗೆ ಮಾತ್ರ. ಈ ಖಾತೆ ನಿಮ್ಮದೇ ಎಂದು ನಿಮ್ಮ ದೇಶದ ಪೊಲೀಸರ ದಾಖಲೆ ಕಳಿಸಿ" ಅಂತು. ಈ ಖಾತೆ ನನ್ನದಲ್ಲ ಅಂತಾನೇ ನಾನು ಬಡ್ಕೊಳ್ತಿರೋದು ಅಂತ ಬರೆದೆ. "ನಿಮ್ಮದಲ್ಲದ ಖಾತೆಯ ಬಗ್ಗೆ ನಾವು ಮಾತಾಡುವುದಿಲ್ಲ" ಅಂತು.

ಮೇಷ್ಟ್ರು: ಆಮೇಲೆ, ನಮ್ಮ ಸೇವೆ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡ್ತೀರಿ ಅಂತ ಕೇಳ್ತು ಸಾರ್.

ಡಾಕ್ಟರಮ್ಮ: ಇವರು ಐದೂ ಕೊಟ್ಟರು.

ಮೇಷ್ಟ್ರು: ಕಡಿಮೆ ಕೊಟ್ರೆ ಬೇಜಾರು ಮಾಡ್ಕೊಂಡು ಕೆಲಸ ಮಾಡಲ್ಲವೇನೋ ಅಂತ.

ಡಾಕ್ಟರಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. ಮತ್ತೆ ಬಾಯಿ ತೆರೆದಾಗ ದನಿಯಲ್ಲಿ ವ್ಯಂಗ್ಯ ಇರಲಿಲ್ಲ.

ಡಾಕ್ಟರಮ್ಮ: ರೈಟರೇ, ನಿನ್ನೆ ಒಬ್ಬರು ಅಜ್ಜಿ ಬಂದಿದ್ರು. ಅವರ ಮಗಳಿಗೆ, ಮೊಮ್ಮಗಳಿಗೆ, ಎಲ್ಲರಿಗೂ ನಾನೇ ಹಲ್ಲು ನೋಡಿದ್ದು. ಒಸಡೆಲ್ಲ ಸುಟ್ಟು ಬೆಳ್ಳಗಾಗಿತ್ತು. ನೀರು ಕುಡಿಯೋಕೆ ಆಗ್ತಿರಲಿಲ್ಲ. ಬೈಯಲಿಲ್ಲ ಅವರು. ಬೈದಿದ್ರೆ ತಡ್ಕೋತಿದ್ದೆ. "ನೀನು ಹೇಳಿದೆ ಅಂತ ಹಚ್ಚಿದೆ ಕಣಮ್ಮ" ಅಂದ್ರು ಅಷ್ಟೇ. ಅದು ನಾನಲ್ಲ ಅಜ್ಜಿ ಅಂದೆ. ನಂಬಲಿಲ್ಲ. ಕಣ್ಣಲ್ಲಿ ನೋಡಿದ್ದೀನಿ ಅಂದ್ರು. ವೈದ್ಯರ ಮಂಡಳಿಯವರು ನನ್ನ ಪರವಾನಗಿ ಯಾಕೆ ರದ್ದು ಮಾಡಬಾರದು ಅಂತ ಕೇಳಿದ್ದಾರೆ. ಪರವಾನಗಿ ಹೋದ್ರೆ ಹೋಗಲಿ. ಇವತ್ತು ಸಂಜೆ ವಿಡಿಯೊದಲ್ಲಿ ಆ ಹೆಂಗಸು ಮತ್ತೆ ಬರ್ತಾಳೆ, ನಗ್ತಾಳೆ, ಇನ್ನೂ ಒಂದಷ್ಟು ಜನ ಬಾಯಿ ಸುಟ್ಕೋತಾರೆ. ಅದು ನನ್ನ ಮಾತು ಅಂತ ನಂಬ್ಕೊಂಡು.

ರೈಟರ್ ಪೆನ್ನು ಕೆಳಗಿಟ್ಟರು. ಕೆನ್ನೆಯ ಮೇಲಿನ ಕರವಸ್ತ್ರ ಜಾರಿತು. ಕೆನ್ನೆ ಬನ್ನಿನಂತೆ ಊದಿಕೊಂಡಿತ್ತು. ಡಾಕ್ಟರಮ್ಮ ಥಟ್ಟನೆ ಎದ್ದು ಮೇಜಿನ ಆ ಕಡೆಗೆ ಹೋದರು.

ಡಾಕ್ಟರಮ್ಮ: ಬಾಯಿ ತೆಗೀರಿ.

ರೈಟರ್: ಇದು ಪೊಲೀಸ್ ಠಾಣೆ.

ಡಾಕ್ಟರಮ್ಮ: ಆಗಲಿ. ಬಾಯಿ ತೆಗೀರಿ ಅಂದೆ.

ಆ ದನಿಗೆ ಊರಲ್ಲಿ ಬಾಯಿ ತೆರೆಯದವರೇ ಇರಲಿಲ್ಲ. ರೈಟರೂ ತೆರೆದರು. ಮೇಷ್ಟ್ರು ತಮ್ಮ ಫೋನಿನ ಟಾರ್ಚ್ ಹಿಡಿದರು. ಒಸಡು ಉದ್ದಕ್ಕೂ ಬೆಳ್ಳಗೆ ಸುಟ್ಟಿತ್ತು.

ಡಾಕ್ಟರಮ್ಮ: ಏನು ಹಚ್ಚಿದ್ರಿ ಇದಕ್ಕೆ?

ರೈಟರ್ ಬಾಯಿ ತೆರೆದುಕೊಂಡೇ ಬೆರಳೆತ್ತಿ ಡಾಕ್ಟರಮ್ಮನ ಕಡೆ ತೋರಿಸಿದರು.

ಡಾಕ್ಟರಮ್ಮ: ನಾನಾ?

ರೈಟರ್: ನೀವೇ ಹೇಳಿದ್ದು! ಹಚ್ಚಿ ಮಲ್ಕೊಳ್ಳಿ, ಬೆಳಗ್ಗೆ ಎದ್ದು ಕನ್ನಡಿ ನೋಡಿ ಅಂದ್ರಿ. ನೋಡಿದೆ. ನನ್ನ ಹೆಂಡತಿಯೂ ನೋಡಿದಳು. ಪದಕ ಕೊಡೋ ಸಮಾರಂಭ ಇತ್ತು, ಫೋಟೊದಲ್ಲಿ ಹಲ್ಲು ಬೆಳ್ಳಗೆ ಕಾಣಲಿ ಅಂತ ತರಿಸಿಕೊಂಡೆ. ಫೋಟೊದಲ್ಲಿ ಈಗ ಕೆನ್ನೆ ಬಿಟ್ಟು ಬೇರೇನೂ ಕಾಣಲ್ಲ.

ಡಾಕ್ಟರಮ್ಮ: ಅಯ್ಯೋ, ಮೂರು ದಿನದಿಂದ ಇದನ್ನ ಬಾಯಲ್ಲೇ ಇಟ್ಕೊಂಡು ನನ್ನನ್ನ ಅಲೆದಾಡಿಸ್ತಿದ್ದೀರಲ್ಲ! ಯಾಕೆ?

ರೈಟರ್: ಜನಕ್ಕೆ ಮಾಡೋದೆಲ್ಲ ಮಾಡಿ, ಮೊದಲೇ ಬಂದು ಅದು ನಾನಲ್ಲ ಅಂತ ದೂರು ಕೊಟ್ಟು ತಪ್ಪಿಸಿಕೊಳ್ಳೋಕೆ ನೋಡ್ತಿದ್ದೀರಿ ಅಂದ್ಕೊಂಡೆ. ಈಗ ಅಜ್ಜಿ ವಿಷಯ ಹೇಳಿದ್ರಲ್ಲ, ಆಗ ಗೊತ್ತಾಯ್ತು. ವಿಡಿಯೊದಲ್ಲಿರೋಳಿಗೆ ಇಷ್ಟು ಸಿಟ್ಟು ಬರಲ್ಲ.

ಡಾಕ್ಟರಮ್ಮ: ಸರಿ, ಮೊದಲು ತೊಳೆದು ಔಷಧಿ ಹಾಕ್ತೀನಿ. ಬನ್ನಿ ಕ್ಲಿನಿಕ್ಕಿಗೆ.

ಮೇಷ್ಟ್ರು: ತಡಿ ತಡಿ! ಮುಟ್ಟಬೇಡ! ಸಾರ್, ಸಿಕ್ತು!

ರೈಟರ್: ಏನು ಸಿಕ್ತು?

ಮೇಷ್ಟ್ರು: ಘಟನೆ ನಡೆದ ಸ್ಥಳ! ಕಳ್ಳ ಎಲ್ಲೇ ಇರಲಿ, ಕಂಪ್ಯೂಟರು ಯಾವ ದ್ವೀಪದಲ್ಲೇ ಇರಲಿ, ಸುಟ್ಟಿದ್ದು ಮಾತ್ರ ನಿಮ್ಮ ಬಾಯಿ. ನಿಮ್ಮ ಬಾಯಿ ರೈಲ್ವೆ ಗೇಟು ಮತ್ತು ಸೇತುವೆ ಮಧ್ಯೆ ಇದೆ!

ರೈಟರ್ ಭೂಪಟದ ಕಡೆ ಒಮ್ಮೆ ನೋಡಿದರು. ಬಾಯಿಯನ್ನು ಮೆಲ್ಲಗೆ ಮುಚ್ಚಿ, ಸರಹದ್ದಿನೊಳಗೇ ಇದೆಯೆಂದು ಖಾತ್ರಿ ಮಾಡಿಕೊಂಡರು.

ರೈಟರ್: ಮೇಷ್ಟ್ರೇ, ನೀವು ಬರೀ ಭೂಗೋಳದವರು ಅಂದ್ಕೊಂಡಿದ್ದೆ. ಬರೀರಿ. ನನ್ನ ದೂರು ನಾನೇ ಬರ್ಕೊಳ್ಳೋ ಹಾಗಿಲ್ಲ, ನೀವು ಬರೀರಿ. ಅಮ್ಮಾ, ಕೈ ತೆಗೀರಿ. ಮಹಜರು ಆಗೋವರೆಗೂ ಯಾರೂ ಸ್ಥಳದೊಳಗೆ ಕೈ ಹಾಕಬಾರ್ದು.

ಡಾಕ್ಟರಮ್ಮ: ಕೀವಾಗುತ್ತೆ ರೀ!

ರೈಟರ್: ಕೀವಾದ್ರೆ ಅದನ್ನೂ ಬರೀತೀವಿ. ಮೇಷ್ಟ್ರೇ, ಸ್ಥಳದ ಚಕ್ಕುಬಂದಿ ಹಾಕಿ.

ಮೇಷ್ಟ್ರಿಗೆ ಜೀವನದಲ್ಲಿ ಇಂಥ ಅವಕಾಶ ಮತ್ತೆ ಸಿಗುವಂತಿರಲಿಲ್ಲ. ರೈಟರನ್ನು ಕುರ್ಚಿ ಸಮೇತ ಉತ್ತರಕ್ಕೆ ತಿರುಗಿಸಿ ಕೂರಿಸಿ, ಗಟ್ಟಿಯಾಗಿ ಹೇಳುತ್ತ ಬರೆದರು.

ಮೇಷ್ಟ್ರು: ಸುಟ್ಟಿರುವ ಜಾಗಕ್ಕೆ ಪೂರ್ವಕ್ಕೆ ನಾಲಿಗೆ, ಪಶ್ಚಿಮಕ್ಕೆ ಎಡಗೆನ್ನೆ, ಉತ್ತರಕ್ಕೆ ಕೋರೆಹಲ್ಲು, ದಕ್ಷಿಣಕ್ಕೆ... ದಕ್ಷಿಣಕ್ಕೆ ಏನಿದೆ ನೋಡೇ.

ಡಾಕ್ಟರಮ್ಮ: ಖಾಲಿ ನಿವೇಶನ. ಹೋದ ವರ್ಷ ನಾನೇ ಕಿತ್ತಿದ್ದೆ.

ಮೇಷ್ಟ್ರು: ಆಯ್ತು ಸಾರ್. ಆರೋಪಿ ಯಾರು ಅಂತ ಬರೀಲಿ?

ರೈಟರ್: ನಾನು ಕಣ್ಣಾರೆ ನೋಡಿದ್ದನ್ನ ಹೇಳ್ತೀನಿ. ಹೆಂಗಸು. ವಯಸ್ಸು ನಲವತ್ತರ ಮೇಲೆ. ಕನ್ನಡಕ. ಬಿಳಿ ಕೋಟು. ಗಲ್ಲದ ಮೇಲೆ ಮಚ್ಚೆ.

ಡಾಕ್ಟರಮ್ಮ: (ಗಲ್ಲ ಮುಟ್ಟಿಕೊಂಡು) ಅದು ನಾನು!

ರೈಟರ್: ನೀವಲ್ಲ ಅಂತ ನನಗೆ ಗೊತ್ತು. ಆದ್ರೆ ಕಂಡದ್ದನ್ನ ಬರೀಬೇಕು. ಕಾಣದ್ದನ್ನ ಬರೆದ್ರೆ ಸುಳ್ಳು ದೂರು ಆಗುತ್ತೆ. ಪುಡಿ ಡಬ್ಬಿ ಮೇಲಿನ ವಿಳಾಸವನ್ನೂ ಬರೀರಿ ಮೇಷ್ಟ್ರೇ.

ಮೇಷ್ಟ್ರು: ಯಾವ ವಿಳಾಸ ಸಾರ್?

ರೈಟರ್: ಪೇಟೆಬೀದಿ, ನಿಮ್ಮ ಕ್ಲಿನಿಕ್ಕಿಂದು. ಕಳ್ಳರು ಅದನ್ನೇ ಹಾಕಿದ್ದಾರೆ.

ಡಾಕ್ಟರಮ್ಮ: ರೀ, ಬರೀಬೇಡಿ!

ಮೇಷ್ಟ್ರು: ಬರೆದಾಯ್ತಲ್ಲೇ.

ಆಗಲೇ ಇನ್ಸ್‌ಪೆಕ್ಟರ್ ಒಳಗೆ ಬಂದರು. ಎತ್ತರದ ಆಳು. ಟೋಪಿಯನ್ನು ಮೇಜಿನ ಮೇಲಿಟ್ಟು ಬೋಳುತಲೆ ಒರೆಸಿಕೊಳ್ಳುತ್ತ ಹಾಳೆ ಎತ್ತಿಕೊಂಡು ಓದಿದರು. ಓದುತ್ತ ಓದುತ್ತ ಮುಖ ಅರಳಿತು.

ಇನ್ಸ್‌ಪೆಕ್ಟರ್: ಶಭಾಷ್! ದೂರುದಾರ ಇಲ್ಲೇ, ಘಟನಾ ಸ್ಥಳ ಇಲ್ಲೇ, ಸಾಕ್ಷಿ ಇಲ್ಲೇ. ಆರೋಪಿ... (ಡಾಕ್ಟರಮ್ಮನನ್ನು ನೋಡಿ, ಹಾಳೆ ನೋಡಿ, ಮತ್ತೆ ಡಾಕ್ಟರಮ್ಮನ ಗಲ್ಲ ನೋಡಿ) ಆರೋಪಿಯೂ ಇಲ್ಲೇ! ಇಡೀ ಜಿಲ್ಲೆಯಲ್ಲಿ ಇದುವರೆಗೆ ಒಂದು ಸೈಬರ್ ಕೇಸೂ ಪತ್ತೆಯಾಗಿಲ್ಲ. ನಾವು ಎದ್ದು ಓಡಾಡದೆ ಪತ್ತೆ ಮಾಡಿದ್ದೀವಿ!

ಡಾಕ್ಟರಮ್ಮ: ಸಾರ್, ದೂರು ಕೊಡೋಕೆ ಬಂದವಳು ನಾನು.

ಇನ್ಸ್‌ಪೆಕ್ಟರ್: ಶರಣಾಗೋಕೆ ಬಂದ್ರಿ ಅಂತ ಬರ್ಕೊಳ್ಳೋಣ. ನಿಮಗೂ ಗೌರವ.

ರೈಟರ್: ಸಾರ್, ಅದು ಇವರಲ್ಲ, ಯಂತ್ರದಲ್ಲಿ ಮಾಡಿದ ನಕಲು...

ಇನ್ಸ್‌ಪೆಕ್ಟರ್: ಯಂತ್ರವನ್ನ ಅರೆಸ್ಟ್ ಮಾಡೋಕೆ ಆಗುತ್ತೇನ್ರೀ? ಇದ್ದವರನ್ನ ಮಾಡ್ಬೇಕು. ಕೋರ್ಟಿಗೆ ಹೋಗಿ ನಾನಲ್ಲ ಅಂತ ಹೇಳಲಿ, ಯಾರು ಬೇಡ ಅಂದ್ರು? ಹತ್ತು ವರ್ಷದಲ್ಲಿ ತೀರ್ಪು ಬರುತ್ತೆ. ಮೇಷ್ಟ್ರೇ, ಸದ್ಯಕ್ಕೆ ಠಾಣೆ ಜಾಮೀನು ಕೊಡ್ತೀನಿ. ಇವರಿಗೆ ಜಾಮೀನು ನಿಲ್ತೀರಾ?

ಮೇಷ್ಟ್ರು: ಇವಳಿಗಾ? ಯೋಚನೆ ಮಾಡೋಕೆ ಸ್ವಲ್ಪ ಟೈಮ್ ಸಿಗುತ್ತಾ ಸಾರ್?

ಡಾಕ್ಟರಮ್ಮ: ರೀ!

ಮೇಷ್ಟ್ರು: ನಿಲ್ತೀನಿ, ನಿಲ್ತೀನಿ.

ಠಾಣೆಯ ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಯಿತು. ಕೇಸು ದಾಖಲಾಯಿತು. ಮೊಹರು ಬಿತ್ತು. ಇನ್ಸ್‌ಪೆಕ್ಟರ್ ಅದರದ್ದೊಂದು ಪ್ರತಿಯನ್ನು ಡಾಕ್ಟರಮ್ಮನ ಮುಂದೆ ನೂಕಿದರು.

ಡಾಕ್ಟರಮ್ಮ: ಇದೇನು?

ಇನ್ಸ್‌ಪೆಕ್ಟರ್: ಆರೋಪಿಗೆ ಒಂದು ಪ್ರತಿ ಉಚಿತವಾಗಿ ಕೊಡ್ಬೇಕು. ಕಾನೂನು.

ಡಾಕ್ಟರಮ್ಮ: ಮೂರು ದಿನ ದೂರುದಾರಳಾಗಿ ಅಲೆದೆ, ಒಂದು ಚೀಟಿ ಕೊಡಲಿಲ್ಲ. ಆರೋಪಿಯ ಮರ್ಯಾದೆಯೇ ಬೇರೆ.

ಹಾಗೆನ್ನುತ್ತ ಓದತೊಡಗಿದವರು ಒಂದು ಸಾಲಿನ ಹತ್ತಿರ ತಡೆದು ನಿಂತರು. ಇನ್ನೊಮ್ಮೆ ಓದಿದರು. ಆಮೇಲೆ, ಮೂರು ದಿನದಲ್ಲಿ ಮೊದಲ ಬಾರಿಗೆ, ನಕ್ಕರು. ಮೇಷ್ಟ್ರಿಗೆ ಗಾಬರಿಯಾಯಿತು.

ಮೇಷ್ಟ್ರು: ಏನಾಯ್ತೇ? ಯಾಕೆ ನಗ್ತಿದ್ದೀಯ?

ಡಾಕ್ಟರಮ್ಮ: "ಸದರಿ ಖಾತೆಯ ಮಾಲೀಕಳಾದ ಆರೋಪಿಯು" ಅಂತ ಬರೆದಿದ್ದಾರೆ. ಮೊಹರೂ ಇದೆ. ಫೋನ್ ಕೊಡಿ ಇಲ್ಲಿ.

ಹಾಳೆಯ ಫೋಟೊ ತೆಗೆದು ಕಂಪನಿಗೆ ಕಳಿಸಿದರು. ಜೊತೆಗೆ ಒಂದೇ ಸಾಲು: ಖಾತೆ ನನ್ನದೇ ಎಂದು ಪೊಲೀಸರು ದೃಢಪಡಿಸಿದ್ದಾರೆ, ದಯವಿಟ್ಟು ಮುಚ್ಚಿ. ರೈಟರಿಗೆ ಕಾಫಿ ಬಂದು, ಬಿಸಿ ಕುಡಿಯಲಾಗದೆ ಅದು ಆರುತ್ತ ಕೂತಿತ್ತು. ಆರುವುದರೊಳಗೆ ಯಂತ್ರದಿಂದ ಉತ್ತರ ಬಂತು.

ಮೇಷ್ಟ್ರು: (ಓದುತ್ತ) "ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ನೀವು ನಮ್ಮನ್ನು ಬಿಟ್ಟು ಹೋಗುತ್ತಿರುವುದು ನಮಗೆ ಬೇಸರ ತಂದಿದೆ." ಹೋಯ್ತು ಕಣೇ! ಎಲ್ಲಾ ವಿಡಿಯೊ ಹೋಯ್ತು!

ಇನ್ಸ್‌ಪೆಕ್ಟರ್: ಎಲ್ಲಾ ಹೋಯ್ತು ಅಂದ್ರೆ? ನನ್ನ ಕೇಸಿನ ಸಾಕ್ಷ್ಯ ಅದು! ಸಾಕ್ಷ್ಯನಾಶ! ಇನ್ನೊಂದು ಸೆಕ್ಷನ್ ಹಾಕ್ತೀನಿ!

ಡಾಕ್ಟರಮ್ಮ: ಹಾಕಿ ಸಾರ್. ನಾಶವಾಗಿದ್ದು ದ್ವೀಪದಲ್ಲಿ. ನೀವು ಹೋಗಿ ಮಹಜರು ಮಾಡಿ, ಇವರು ಮ್ಯಾಪ್ ಕೊಡ್ತಾರೆ. ರೈಟರೇ, ಏಳಿ. ಸ್ಥಳ ತೊಳೆಯೋಣ.

ಸಾಕ್ಷ್ಯವಿಲ್ಲದ ಕೇಸು ನಿಲ್ಲಲಿಲ್ಲ. ಆ ವಾರವೇ ಅದಕ್ಕೆ ಮುಕ್ತಾಯದ ಷರಾ ಬಿತ್ತು; ವೈದ್ಯರ ಮಂಡಳಿಯೂ ಸುಮ್ಮನಾಯಿತು. ಕಳ್ಳ ಯಾರೆಂದು ಕೊನೆಗೂ ತಿಳಿಯಲಿಲ್ಲ, ತಿಳಿದುಕೊಳ್ಳಲು ಯಾರೂ ಹೋಗಲೂ ಇಲ್ಲ. ಅಜ್ಜಿ ಮಾತ್ರ ಕ್ಲಿನಿಕ್ಕಿಗೆ ಬಂದು, ಔಷಧಿ ಹಾಕಿಸಿಕೊಂಡು, ಡಾಕ್ಟರಮ್ಮನ ಗಲ್ಲವನ್ನು ಬೆರಳಿಂದ ಉಜ್ಜಿ ನೋಡಿ, ಮಚ್ಚೆ ನಿಜವೆಂದು ತೃಪ್ತಿಪಟ್ಟು ಹೋದರು. ಇನ್ಸ್‌ಪೆಕ್ಟರ್ ಸಾಹೇಬರು ಮಾತ್ರ ಕೇಸು ಮುಚ್ಚುವ ಮೊದಲೇ ಠಾಣೆಯ ಖಾತೆಯಲ್ಲಿ ತಮ್ಮದೊಂದು ವಿಡಿಯೊ ಹಾಕಿಬಿಟ್ಟಿದ್ದರು: ಜಿಲ್ಲೆಯ ಮೊದಲ ಸೈಬರ್ ಪತ್ತೆ ಹೇಗಾಯಿತು ಎಂಬ ವಿಷಯದ ಮೇಲೆ, ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ, ನಿಧಾನವಾಗಿ, ಸ್ಪಷ್ಟವಾದ ದನಿಯಲ್ಲಿ.

ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ, ಮೇಷ್ಟ್ರು ಶಾಲೆಗೆ ಹೊರಡುವ ಹೊತ್ತಿಗೆ, ಇನ್ಸ್‌ಪೆಕ್ಟರ್ ಸಾದಾ ಬಟ್ಟೆಯಲ್ಲಿ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಬಂದರು. ರೈಟರ್ ಆಗ ಕುರ್ಚಿಯಲ್ಲಿ ಅಂಗಾತ ಮಲಗಿದ್ದರು, ಬಾಯಿ ತುಂಬ ಹತ್ತಿ.

ಡಾಕ್ಟರಮ್ಮ: ಏನು ಸಾರ್, ಹಲ್ಲುನೋವಾ?

ಇನ್ಸ್‌ಪೆಕ್ಟರ್: ಹಲ್ಲಲ್ಲ ಡಾಕ್ಟ್ರೇ. (ಫೋನು ಮುಂದೆ ಹಿಡಿದು) ಇದು ನೋಡಿ.

ಫೋನಿನಲ್ಲಿ ಇನ್ಸ್‌ಪೆಕ್ಟರೇ ನಗುತ್ತಿದ್ದರು. ತಲೆ ತುಂಬ ಗುಂಗುರು ಕೂದಲು. "ನಾನೊಬ್ಬ ಪೊಲೀಸ್ ಅಧಿಕಾರಿ, ನಾನು ಸುಳ್ಳು ಹೇಳುವುದಿಲ್ಲ" ಎನ್ನುತ್ತ ಎಣ್ಣೆಯ ಬಾಟಲಿಯೊಂದನ್ನು ತೋರಿಸುತ್ತಿದ್ದರು.

ಮೇಷ್ಟ್ರು: ಕೂದಲು ನಿಮಗೆ ಬಹಳ ಒಪ್ಪುತ್ತೆ ಸಾರ್.

ಇನ್ಸ್‌ಪೆಕ್ಟರ್: ತಮಾಷೆ ಬಿಡಿ ಮೇಷ್ಟ್ರೇ! ಹಚ್ಚಿದವರಿಗೆಲ್ಲ ತಲೆ ಸುಟ್ಟು ಬೊಬ್ಬೆ ಬಂದಿದೆಯಂತೆ. ಮೇಲಧಿಕಾರಿಗಳು ಕರೆದು ಕೇಳ್ತಿದ್ದಾರೆ. ಅದು ನಾನಲ್ಲ ಅಂದ್ರೆ ಯಾರೂ ನಂಬ್ತಿಲ್ಲ. ಕಂಪನಿಯವರು ಖಾತೆ ನಿಮ್ಮದೇ ಅನ್ನೋದಕ್ಕೆ ದಾಖಲೆ ತನ್ನಿ ಅಂತಾರೆ. ಡಾಕ್ಟ್ರೇ, ನೀವು ಕೂತಲ್ಲೇ ಮುಚ್ಚಿಸಿಬಿಟ್ರಲ್ಲ, ನನಗೂ ಏನಾದ್ರೂ ದಾರಿ ಹೇಳಿ.

ಡಾಕ್ಟರಮ್ಮ ಕೈಗವಸು ಕಳಚಿದರು. ಅಜ್ಜಿಯರಿಗೂ ಮಕ್ಕಳಿಗೂ ಹೇಳುವಷ್ಟೇ ಸಮಾಧಾನದಿಂದ ಹೇಳಿದರು.

ಡಾಕ್ಟರಮ್ಮ: ಏನೂ ಕಷ್ಟ ಇಲ್ಲ ಸಾರ್. ಯಾರಾದ್ರೂ ನಿಮ್ಮನ್ನ ಅರೆಸ್ಟ್ ಮಾಡ್ಬೇಕು ಅಷ್ಟೇ.

ಇನ್ಸ್‌ಪೆಕ್ಟರ್ ಮೆಲ್ಲಗೆ ಕುರ್ಚಿಯ ಕಡೆ ತಿರುಗಿದರು. ಬಾಯಿ ತುಂಬ ಹತ್ತಿಯಿದ್ದ ರೈಟರ್, ಯಾರೂ ಕೇಳದೆಯೇ, ಎದೆಯ ಜೇಬಿನಿಂದ ಪೆನ್ನು ತೆಗೆಯುತ್ತಿದ್ದರು.